ಪೇಟಿಯಾ ಉಟ್ಟವರು, ಬಿಟ್ಟವರು



ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದಲ್ಲಿ ಸಂತೆಯ ದಿನ ಅರ್ಧ ಗಂಟೆ ಕೂತು ನೋಡಿ. ಇಳಿಯುವ ಹೆಂಗಸರಲ್ಲಿ ಯಾರು ಊರಿನವರು, ಯಾರು ತಾಂಡಾದವರು ಅಂತ ಹೇಳುವುದು ಈಗ ಕಷ್ಟ. ನಾನು ಇಲ್ಲಿ ಶಾಲೆಯ ಕೆಲಸಕ್ಕೆ ಸೇರಿದ ಕಾಲಕ್ಕೆ ಹಾಗಿರಲಿಲ್ಲ. ಬಸ್ಸು ಇನ್ನೂ ತಿರುವಿನಲ್ಲಿರುವಾಗಲೇ ಒಳಗೆ ಲಂಬಾಣಿ ಹೆಂಗಸರಿದ್ದಾರೆ ಅಂತ ಗೊತ್ತಾಗುತ್ತಿತ್ತು. ಕಿಟಕಿಯಿಂದ ಕನ್ನಡಿ ಚೂರುಗಳ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು. ಇಳಿಯುವಾಗ ಬಳೆ, ಕಡಗ, ನಾಣ್ಯ ಎಲ್ಲ ಸೇರಿ ಸದ್ದು ಮಾಡುತ್ತಿದ್ದವು. ಇವತ್ತು ಆ ಉಡುಪಿನಲ್ಲಿ ಕಾಣುವವರು ಬಹುಮಟ್ಟಿಗೆ ವಯಸ್ಸಾದ ಅಜ್ಜಿಯರು. ಪಕ್ಕದಲ್ಲಿ ಸೀರೆಯುಟ್ಟ ಸೊಸೆ, ಚೂಡಿದಾರ ತೊಟ್ಟ ಮೊಮ್ಮಗಳು.

ಇವತ್ತಿನ ನನ್ನ ಮಾತು ಈ ಉಡುಪಿನ ಬಗ್ಗೆ. ಆದರೆ ತುಸು ದೂರದಿಂದ, ಅಮೆರಿಕದಿಂದ ಶುರು ಮಾಡುತ್ತೇನೆ.

ಅಲ್ಲಿನ ಪೆನ್ಸಿಲ್ವೇನಿಯ ರಾಜ್ಯದಲ್ಲಿ ಲ್ಯಾಂಕಾಸ್ಟರ್ ಅಂತ ಒಂದು ಜಿಲ್ಲೆ. ಅದು ಆಮಿಷ್ ಜನರ ಸೀಮೆ. ಫಿಲಡೆಲ್ಫಿಯಾ, ನ್ಯೂಜೆರ್ಸಿ ಕಡೆ ನೆಲೆಸಿದ ನಮ್ಮವರು ಊರಿಂದ ಅಪ್ಪ ಅಮ್ಮ ಬಂದರೆ ನಯಾಗರ ತೋರಿಸಿದ ಹಾಗೆ ಇಲ್ಲಿಗೂ ಕರೆದುಕೊಂಡು ಹೋಗುತ್ತಾರೆ. ನನ್ನ ಅಕ್ಕನನ್ನೂ ಮಗ ಕರೆದುಕೊಂಡು ಹೋಗಿದ್ದ. ಆಕೆ ತಿರುಗಿ ಬಂದಮೇಲೆ ಹೇಳಿದ್ದು ಇಷ್ಟು: "ಕಾರು ಇಲ್ಲ, ಕುದುರೆ ಬಂಡ್ಯಾಗ ಓಡಾಡ್ತಾರ. ಹೇಸರಗತ್ತಿ ಕಟ್ಟಿ ಹೊಲ ಹೊಡೀತಾರ. ಹೆಂಗಸರು ತಲಿ ಮ್ಯಾಲಿನ ಬಟ್ಟಿ ತೆಗಿಯಂಗಿಲ್ಲ. ಅಮೆರಿಕಾ ಅಂತ ಹೋದ್ರ ನಮ್ಮ ಹಳೇ ಕಾಲ ತೋರಿಸಿದ ನೋಡು ನಮ್ಮ ಹುಡುಗ."

ಈ ಆಮಿಷ್ ಜನ ಯುರೋಪಿನಿಂದ ಹೋದವರು. ಸ್ವಿಟ್ಜರ್ಲೆಂಡ್, ಅಲ್ಸೇಸ್ ಸೀಮೆಯ ಕ್ರೈಸ್ತರಲ್ಲಿ 1693ರಲ್ಲಿ ಯಾಕೋಬ್ ಅಮ್ಮಾನ್ ಎಂಬ ಗುರುವಿನ ನೇತೃತ್ವದಲ್ಲಿ ಒಂದು ಗುಂಪು ಬೇರೆಯಾಯಿತು. ಆತನ ಹೆಸರೇ ಜನಕ್ಕೂ ಬಂತು. ಊರಲ್ಲಿ ಕಿರುಕುಳ ತಾಳಲಾರದೆ 18ನೇ ಶತಮಾನದಲ್ಲಿ ಹಡಗು ಹತ್ತಿ ಪೆನ್ಸಿಲ್ವೇನಿಯಕ್ಕೆ ಬಂದರು. ಈಗ ಅವರ ಸಂಖ್ಯೆ 4 ಲಕ್ಷದ ಹತ್ತಿರ ಇದೆ, ಇನ್ನೂ ಬೆಳೆಯುತ್ತಿದೆ. ಮನೆಯಲ್ಲಿ ಜರ್ಮನ್ನಿನ ಒಂದು ಉಪಭಾಷೆ, ಹೊರಗೆ ಇಂಗ್ಲಿಷ್. ತಮ್ಮವರಲ್ಲದವರನ್ನೆಲ್ಲ ಅವರು 'ಇಂಗ್ಲಿಷರು' ಅಂತಲೇ ಕರೆಯುತ್ತಾರೆ, ನಮ್ಮ ಲಂಬಾಣಿಗಳು ತಮ್ಮನ್ನು 'ಗೋರ್' ಅಂತ, ನಮ್ಮನ್ನು 'ಕೋರ್' ಅಂತ ಕರೆಯುವ ಹಾಗೆ. ನನ್ನ ಅಕ್ಕನೂ ಅಲ್ಲಿ ಒಂದು ದಿನದ ಮಟ್ಟಿಗೆ ಇಂಗ್ಲಿಷಳಾಗಿ ಬಂದಳು ಅನ್ನಿ.

ಅವರ ಉಡುಪು ಬಲು ಸಾದಾ. ಹೂವಿಲ್ಲ, ಗೆರೆಯಿಲ್ಲ, ಒಂದೇ ಬಣ್ಣದ ಬಟ್ಟೆ. ಗಂಡಸರ ಕೋಟಿಗೆ, ಒಳಕೋಟಿಗೆ ಗುಂಡಿ ಹಾಕುವುದಿಲ್ಲ, ಕೊಕ್ಕೆ ಹಾಕುತ್ತಾರೆ. ಕೆಲಸದ ಅಂಗಿಗೆ ಮಾತ್ರ ಗುಂಡಿ ಇರಬಹುದು. ಹೆಂಗಸರು ಮೈಮೇಲಿನ ಬಟ್ಟೆಯನ್ನು ಗುಂಡುಸೂಜಿಯಿಂದ ಸಿಕ್ಕಿಸಿಕೊಳ್ಳುತ್ತಾರೆ. ದಿನಾ ಬೆಳಿಗ್ಗೆ ಅಷ್ಟೂ ಸೂಜಿ ಚುಚ್ಚಿಕೊಂಡು ಹೊರಡಬೇಕು. ತಲೆಯ ಮೇಲೆ ತೆಳುವಾದ ಬಿಳಿಯ ಕುಲಾವಿ. ಲ್ಯಾಂಕಾಸ್ಟರಿನವರದ್ದು ಹಿಂದುಗಡೆಯಿಂದ ನೋಡಿದರೆ ಹೃದಯದ ಆಕಾರ. ಬೇರೆ ಸೀಮೆಯದ್ದು ಬೇರೆ ನೆರಿಗೆ. ಗೊತ್ತಿದ್ದವರು ಕುಲಾವಿ ನೋಡಿಯೇ ಯಾವ ಕಡೆಯವಳು ಅಂತ ಹೇಳಬಲ್ಲರು. ಗಂಡಸು ಮದುವೆಯಾದಮೇಲೆ ಗಡ್ಡ ಬಿಡುತ್ತಾನೆ, ಮೀಸೆ ಮಾತ್ರ ಬೋಳಿಸುತ್ತಾನೆ. ಮೀಸೆ ಸಿಪಾಯಿಗಳ ಗುರುತು, ನಾವು ಯುದ್ಧ ಒಲ್ಲದವರು ಅನ್ನುವುದು ಅದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ಮದುಮಗಳು ಹಲವು ಕಡೆ ನೀಲಿ ಬಟ್ಟೆ ತೊಡುತ್ತಾಳೆ. ಅದರ ಮೇಲಿನ ಬಿಳಿಯ ಹೊದಿಕೆಯನ್ನು ಆ ದಿನ ಬಿಚ್ಚಿ ಮಡಿಸಿ ಇಟ್ಟರೆ ಮತ್ತೆ ತೊಡಿಸುವುದು ಅವಳನ್ನು ಮಣ್ಣು ಮಾಡುವ ದಿನ.

ಇದೆಲ್ಲ ಅವರ ಬಾಯಿಮಾತಿನ ಕಟ್ಟಳೆ. ಅದಕ್ಕೆ ಆರ್ಡ್ನುಂಗ್ ಎನ್ನುತ್ತಾರೆ. ವರ್ಷಕ್ಕೆ ಎರಡು ಸಲ ಸಭೆ ಸೇರಿ ಯಾವುದು ಸರಿ, ಯಾವುದು ಬೇಡ ಅಂತ ಚರ್ಚೆ ಮಾಡಿ ಒಪ್ಪಿಕೊಳ್ಳುತ್ತಾರೆ. ಹಳೆಯದನ್ನೆಲ್ಲ ಹಾಗೇ ಹಿಡಿದುಕೊಂಡಿದ್ದಾರೆ ಅಂತ ಅಲ್ಲ. ಇಸ್ತ್ರಿ ಬೇಡದ ಪಾಲಿಯೆಸ್ಟರ್ ಬಟ್ಟೆಯನ್ನು ಎಷ್ಟೋ ಕಡೆ ಸದ್ದಿಲ್ಲದೆ ಒಳಗೆ ಬಿಟ್ಟುಕೊಂಡಿದ್ದಾರೆ. ಇನ್ನೊಂದು ಮುಖ್ಯ ಸಂಗತಿ: ಹುಟ್ಟಿದ ಮಾತ್ರಕ್ಕೆ ಯಾರೂ ಅವರ ಸಭೆಗೆ ಸೇರುವುದಿಲ್ಲ. ಹದಿನೆಂಟು ಇಪ್ಪತ್ತರ ಪ್ರಾಯದಲ್ಲಿ, ತಿಳಿದು, ಒಪ್ಪಿ ದೀಕ್ಷೆ ಪಡೆಯಬೇಕು. ಹೆಚ್ಚಿನ ಮಕ್ಕಳು ಪಡೆಯುತ್ತಾರೆ. ಪಡೆದಮೇಲೆ ಮುರಿದರೆ ಬಹಿಷ್ಕಾರ ಖಂಡಿತ.

ಇನ್ನು ನಮ್ಮ ತಾಂಡಾಕ್ಕೆ ಬರೋಣ. ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಈ ಐದೂ ತಾಲ್ಲೂಕುಗಳಲ್ಲಿ ಲಂಬಾಣಿ ತಾಂಡಾಗಳಿವೆ. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಎಲ್ಲವೂ ಅದರೊಳಗೆ ಬಂದವು.

ಆಮಿಷ್ ಉಡುಪಿನಲ್ಲಿ ಏನೇನು ಬೇಡ ಅನ್ನುತ್ತಾರೋ ಅಷ್ಟೂ ಲಂಬಾಣಿ ಉಡುಪಿನಲ್ಲಿ ಬೇಕು. ಸೊಂಟದಿಂದ ಕೆಳಗೆ ಪೇಟಿಯಾ, ಅಂದರೆ ಗಜಗಟ್ಟಲೆ ಬಟ್ಟೆಯ ನೆರಿಗೆ ಲಂಗ. ಕೆಂಪು ಬಣ್ಣವೇ ಹೆಚ್ಚು, ಜೊತೆಗೆ ಗಾಢ ನೀಲಿ, ಹಳದಿ. ಅಂಚಿಗೆ ಬೇರೆ ಬೇರೆ ಬಣ್ಣದ ತುಂಡು ಹಚ್ಚಿರುತ್ತಾರೆ. ಮೇಲೆ ಕಾಂಚಳಿ. ತಲೆಯಿಂದ ಬೆನ್ನಿನವರೆಗೆ ಇಳಿಯುವ ಮೇಲುಹೊದಿಕೆ ಛಾಟಿಯಾ.

ಕಾಂಚಳಿಯನ್ನು ಕೈಯಲ್ಲಿ ಹಿಡಿದು ನೋಡಿದರೆ ಮೊದಲು ತಿಳಿಯುವುದು ಅದರ ಭಾರ. ನನಗೆ ಪರಿಚಯದ ಒಬ್ಬ ಅಜ್ಜಿ ತಮ್ಮ ಮದುವೆಯ ಕಾಂಚಳಿಯನ್ನು ಟ್ರಂಕಿನಿಂದ ತೆಗೆದು ನನ್ನ ಮಡಿಲಿಗೆ ಹಾಕಿದ್ದರು. ನಾನು ಅವರನ್ನು 'ಯಾಡಿ' ಅನ್ನುತ್ತಿದ್ದೆ, ಅವರು ನನ್ನನ್ನು ಅಕ್ಕೋರು ಅನ್ನುತ್ತಿದ್ದರು. ಎದೆಯ ಭಾಗ, ತೋಳು ಎಲ್ಲ ಕಸೂತಿ. ಬಟ್ಟೆಯ ನೆಲ ಕಾಣುವುದೇ ಇಲ್ಲ, ಅಷ್ಟು ಒತ್ತಾಗಿ ದಾರ ಓಡಿದೆ. ಉಗುರಿನಷ್ಟು ಕನ್ನಡಿಗಳು, ಒಂದೊಂದರ ಸುತ್ತಲೂ ದಾರದ ಕಟ್ಟು. ಕನ್ನಡಿಗೆ ತೂತು ಹಾಕಲು ಬರುವುದಿಲ್ಲವಲ್ಲ, ಆದ್ದರಿಂದ ಸುತ್ತಲಿನ ದಾರವೇ ಅದನ್ನು ಹಿಡಿದಿರಬೇಕು. ಅಂಚಿಗೆ ಕವಡೆ. ನಡುವೆ ಚಲಾವಣೆ ತಪ್ಪಿದ ನಾಲ್ಕಾಣೆಗಳು. ಸರಕಾರ 2011ರ ಜೂನ್ ಕೊನೆಗೆ ನಾಲ್ಕಾಣೆಯನ್ನು ರದ್ದು ಮಾಡಿತು. ಯಾಡಿಯ ಎದೆಯ ಮೇಲೆ ಅದು ಆಮೇಲೂ ನಡೆಯುತ್ತಿತ್ತು. ಬೆನ್ನಿನ ಕಡೆ ತಿರುಗಿಸಿದರೆ ಬಟ್ಟೆಯೇ ಇಲ್ಲ, ಕಟ್ಟಿಕೊಳ್ಳಲು ಲಾಡಿಗಳು ಮಾತ್ರ. ಬೆನ್ನನ್ನು ಮುಚ್ಚುವ ಕೆಲಸ ಛಾಟಿಯಾದ್ದು.

ಒಡವೆಯ ವಿಷಯ ಬೇರೆಯೇ. ಕಿವಿಯ ಮೇಲೆ ಎರಡೂ ಕಡೆ ಕೂದಲಿಗೆ ಕಟ್ಟಿ ಕೆನ್ನೆಯ ಮೇಲೆ ಇಳಿಬಿಡುವ ಬೆಳ್ಳಿಯ ಘೂಗ್ರಿ, ಮೂಗಿನಲ್ಲಿ ಭುರಿಯಾ, ಕೊರಳಲ್ಲಿ ಹಾಸ್ಲಿ, ತೋಳಿನ ತುಂಬ ಬಲಿಯಾ ಬಳೆಗಳು. ಹಿಂದೆ ಬಲಿಯಾ ಆನೆದಂತದ್ದೋ ಕೋಡಿನದ್ದೋ ಇರುತ್ತಿತ್ತು, ಈಗ ಪ್ಲಾಸ್ಟಿಕ್. ಮೊಣಕೈಯಿಂದ ಮೇಲಿನ ಬಳೆ ಮತ್ತು ಘೂಗ್ರಿ ಮುತ್ತೈದೆಯ ಗುರುತು. ಗಂಡ ಸತ್ತರೆ ತೆಗೆಯಬೇಕು. ಮದುವೆಯಾಗದ ಹುಡುಗಿ ತೊಡುವಂತಿಲ್ಲ. ಹಾಗಾಗಿ ಆ ಹೆಂಗಸು ಬಾಯಿ ಬಿಡುವ ಮೊದಲೇ ಎದುರಿನವರಿಗೆ ಅವಳ ಸಮಾಚಾರ ಗೊತ್ತಾಗಿರುತ್ತದೆ. ಆಮಿಷರ ಬಿಳಿಯ ಕುಲಾವಿಯೂ ಇದೇ ಕೆಲಸವನ್ನು ಮಾಡುತ್ತದೆ, ಒಂದು ಗುಂಜಿ ಬೆಳ್ಳಿಯೂ ಇಲ್ಲದೆ.

ಇಷ್ಟು ಭಾರ ಹೊತ್ತು ತಿರುಗುವುದು ಯಾಕೆ ಅಂತ ಕೇಳುವವರಿಗೆ ಅವರ ಹಿಂದಿನ ಕಸುಬು ತಿಳಿದಿರಬೇಕು. ಲಂಬಾಣಿಗಳು, ಅಂದರೆ ಬಂಜಾರರು, ಸಾಗಾಟದ ಜನ. ಸಾವಿರಾರು ಎತ್ತುಗಳ ಬೆನ್ನಿಗೆ ಉಪ್ಪು, ದವಸ, ಬಟ್ಟೆ ಹೇರಿಕೊಂಡು ಕರಾವಳಿಯಿಂದ ಒಳನಾಡಿಗೆ, ಉತ್ತರದಿಂದ ದಕ್ಷಿಣಕ್ಕೆ ನಡೆದವರು. ಮೊಗಲರ ಸೈನ್ಯ ದಕ್ಷಿಣಕ್ಕೆ ಇಳಿದಾಗ ಅದಕ್ಕೆ ಕಾಳು ಒದಗಿಸಿದವರು ಇವರು. ಟಿಪ್ಪುವಿನ ಮೇಲಿನ ಯುದ್ಧಗಳಲ್ಲಿ ಇಂಗ್ಲಿಷರ ಪಾಳೆಯಕ್ಕೆ ರೇಷನ್ ತಂದವರಲ್ಲೂ ಇವರಿದ್ದರು. ಕಂಪನಿಯ ಕಾಗದಪತ್ರಗಳಲ್ಲಿ ಇವರನ್ನು ಬ್ರಿಂಜಾರಿಗಳು ಅಂತ ಬರೆದಿದ್ದಾರೆ. ಮನೆ ಇಲ್ಲ, ಪೆಟ್ಟಿಗೆ ಇಲ್ಲ, ಬ್ಯಾಂಕಂತೂ ಇಲ್ಲ. ಇದ್ದಬದ್ದ ಬೆಳ್ಳಿಯೆಲ್ಲ ಹೆಂಗಸಿನ ಮೈಮೇಲೆ ಇರಬೇಕಾದದ್ದೇ. ಬರಗಾಲ ಬಂದರೆ ಒಂದೊಂದಾಗಿ ಬಿಚ್ಚಿ ಸರಾಫನ ತಕ್ಕಡಿಗೆ ಹಾಕುವುದು.

ಆಮೇಲೆ ರೈಲು ಬಂತು. ಹೊಸಪೇಟೆಯಿಂದ ನಮ್ಮೂರ ಮೇಲೆ ಕೊಟ್ಟೂರಿಗೆ ಹಾಕಿದ ರೈಲು ದಾರಿಗೂ ನೂರು ವರ್ಷದ ಮೇಲಾಯಿತು. ಒಂದು ಗೂಡ್ಸ್ ಗಾಡಿ ಹೊರುವುದನ್ನು ಎಷ್ಟು ಎತ್ತು ಹೊರಬೇಕು? ಕಸುಬು ಕೈಬಿಟ್ಟಿತು. ಅದೇ ಹೊತ್ತಿಗೆ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಬಂದು, ಅಲೆದಾಡುವ ಜನರನ್ನೆಲ್ಲ ಪೊಲೀಸರು ಸಂಶಯದಿಂದ ನೋಡುವ ಹಾಗಾಯಿತು. ಬಂಜಾರರ ಹಲವು ಗುಂಪುಗಳೂ ಆ ಪಟ್ಟಿಗೆ ಬಿದ್ದವು. ಅದು ರದ್ದಾದದ್ದು 1952ರಲ್ಲಿ. ದೂರದಿಂದಲೇ ಹೊಳೆಯುವ ಉಡುಪು ಅಂಥ ಕಾಲದಲ್ಲಿ ಎಂಥ ಅಪಾಯ ಅಂತ ನೀವೇ ಊಹಿಸಿ. ಎಲ್ಲಿಯಾದರೂ ಕಳವಾದರೆ ಮೊದಲು ಕಣ್ಣಿಗೆ ಬೀಳುವವರು ಇವರೇ.

ಹಾಗಂತ ಆಗಲೂ ಅವರು ಉಡುಪು ಬಿಡಲಿಲ್ಲ. ಪೊಲೀಸರಿಗೂ ಬಿಡಲಿಲ್ಲ, ರೈಲಿಗೂ ಬಿಡಲಿಲ್ಲ. ಬಿಟ್ಟದ್ದು ಈಚೆಗೆ, ನನ್ನ ಕಣ್ಣೆದುರಿಗೆ. ಯಾಕೆ?

ಯಾಡಿಯನ್ನು ಕೇಳಿದೆ. ಸೊಸೆಯನ್ನು ಬೈಯುತ್ತಾರೆ ಅಂದುಕೊಂಡಿದ್ದರೆ ಆಕೆ ನನ್ನನ್ನೇ ಬೈದರು. "ಅಕ್ಕೋರೇ, ಇದನ್ನ ಉಟ್ಕಂಡು ಮಂಡ್ಯದಾಗ ಕಬ್ಬು ಕಡಿಯಾಕ ಆಗ್ತದೇನು? ರವದಿ ಹೋಗಿ ಕನ್ನಡಿಗೆ ಸಿಕ್ಕೊಂತದ, ದಾರ ಕಿತ್ತು ಬರ್ತದ. ಮಳಿ ಬಂದ್ರ ತೊಯ್ದು ಕಲ್ಲಾಗ್ತದ. ಸೀರಿ ಆದ್ರ ಕಚ್ಚಿ ಹಾಕ್ತಾಳ, ಕಡೀತಾಳ, ರಾತ್ರಿ ಒಗದು ಗುಡಿಸಲ ಮ್ಯಾಲೆ ಹರವ್ತಾಳ."

ನಮ್ಮ ಕಡೆಯ ತಾಂಡಾಗಳು ಸುಗ್ಗಿ ಮುಗಿದಮೇಲೆ ಅರ್ಧ ಖಾಲಿ. ಮಂಡ್ಯದ ಕಬ್ಬಿಗೆ, ಚಿಕ್ಕಮಗಳೂರಿನ ಕಾಫಿಗೆ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ, ಗೋವಾಕ್ಕೆ. ಗುಳೆ ಅನ್ನುವುದು ಇಲ್ಲಿ ಪ್ರತಿವರ್ಷ ಕೇಳುವ ಮಾತು. ಮೇಸ್ತ್ರಿಯ ಮುಂಗಡ ತೆಗೆದುಕೊಂಡು ಲಾರಿ ಹತ್ತುವವಳು ಕಿಲೋಗಟ್ಟಲೆ ಒಡವೆ ಹೇರಿಕೊಂಡು ಹತ್ತುತ್ತಾಳೆಯೇ? ಅದೂ ಅಲ್ಲದೆ ಒಂದು ಕಾಂಚಳಿ ಕೈಯಲ್ಲಿ ಹೊಲಿದು ಮುಗಿಸಲು ಬಿಡುವಿನ ತಿಂಗಳುಗಳು ಬೇಕು. ಹಿಂದೆ ತಾಯಿ ಹೊಲಿಯುತ್ತಾ ಮಗಳಿಗೆ ಕಲಿಸುತ್ತಿದ್ದ ಆ ತಿಂಗಳುಗಳನ್ನು ಈಗ ಕಬ್ಬಿನ ಗದ್ದೆ ತೆಗೆದುಕೊಂಡಿದೆ.

ಶಾಲೆಯ ಪಾಲೂ ಇದೆ. ಲಂಬಾಣಿ ಹುಡುಗಿಯನ್ನು ಉಳಿದ ಮಕ್ಕಳು ಏನೇನು ಅಂದು ಚುಡಾಯಿಸುತ್ತಿದ್ದರು ಅಂತ ನಾನು ಇಲ್ಲಿ ಹೇಳಲಾರೆ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದ್ದರೂ ನಿಂತೇ ಹೋಗುವವರನ್ನು ನೋಡಿದ್ದೇನೆ. ಸೀರೆಯುಟ್ಟರೆ ಆ ಕಾಟ ಅರ್ಧ ಕಡಿಮೆ.

ಆಮಿಷರ ಹುಡುಗಿಯನ್ನು ಯಾರೂ ಚುಡಾಯಿಸುವುದಿಲ್ಲವೇ ಅಂತ ಕೇಳಬಹುದು. ಪೇಟೆಗೆ ಬಂದಾಗ ಅವಳನ್ನೂ ಜನ ತಿರುತಿರುಗಿ ನೋಡುತ್ತಾರೆ. ಆದರೆ ಅವಳು ಓದುವುದು ತಮ್ಮದೇ ಒಂದು ಕೋಣೆಯ ಶಾಲೆಯಲ್ಲಿ, ಎಂಟನೇ ತರಗತಿಯವರೆಗೆ. ಮುಂದೆ ಓದಿಸಲೇಬೇಕು ಅಂತ ಸರಕಾರ ಹಟ ಹಿಡಿದಾಗ ವ್ಯಾಜ್ಯ ಅಲ್ಲಿನ ಸುಪ್ರೀಂ ಕೋರ್ಟಿನವರೆಗೆ ಹೋಯಿತು, 1972ರಲ್ಲಿ ಆಮಿಷರೇ ಗೆದ್ದರು. ಕೆಲಸ ತಮ್ಮದೇ ಹೊಲದಲ್ಲಿ, ಇಲ್ಲವೇ ತಮ್ಮವರದೇ ಬಡಗಿ ಅಂಗಡಿಯಲ್ಲಿ. ಓಡಾಟಕ್ಕೆ ತಮ್ಮದೇ ಬಂಡಿ. ಆ ಬಿಳಿಯ ಕುಲಾವಿ ಉಳಿದಿರುವುದು ಅದರ ಸುತ್ತಲೂ ಇಷ್ಟೆಲ್ಲ ಬೇಲಿ ಇರುವುದರಿಂದ. ಬೇಲಿಯೊಳಗೆ ಉಸಿರು ಕಟ್ಟಿದವರೂ ಇದ್ದಾರೆ, ಓದಬೇಕು ಅಂತ ಬಿಟ್ಟುಹೋದ ಹುಡುಗಿಯರೂ ಇದ್ದಾರೆ. ಎಂಟಕ್ಕೇ ಓದು ನಿಲ್ಲಿಸುವುದನ್ನು ನಾನಂತೂ ಒಪ್ಪುವವಳಲ್ಲ. ಜೀವಮಾನವೆಲ್ಲ ಹುಡುಗಿಯರನ್ನು ಶಾಲೆಗೆ ಕಳಿಸಿ ಅಂತ ತಾಂಡಾ ತಾಂಡಾ ತಿರುಗಿದವಳು ನಾನು.

ತಾಂಡಾಕ್ಕೆ ಇಂಥ ಬೇಲಿ ಎಲ್ಲಿಂದ ಬರಬೇಕು? ಕಾಲ ಕೆಳಗಿನ ನೆಲವೇ ಅವರದಾಗಿರಲಿಲ್ಲ. ಗೋಮಾಳದಲ್ಲೋ, ಅಡವಿಯ ಅಂಚಿನಲ್ಲೋ, ಊರಿಂದ ಒಂದೆರಡು ಮೈಲಿ ಆಚೆ ಗುಡಿಸಲು ಹಾಕಿ ನಿಂತರು. ಊರಿನ ಲೆಕ್ಕದಲ್ಲೂ ಅದು ಊರಲ್ಲ. ತಾಂಡಾಗಳನ್ನು ಕಂದಾಯ ಗ್ರಾಮ ಮಾಡುವ ಕೆಲಸ ಗಟ್ಟಿಯಾಗಿ ನಡೆದದ್ದು ಈಚಿನ ವರ್ಷಗಳಲ್ಲಿ. 2023ರ ಜನವರಿಯಲ್ಲಿ ಕಲಬುರಗಿಯ ಮಳಖೇಡದಲ್ಲಿ ಪ್ರಧಾನಮಂತ್ರಿಯವರು 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚಿದರು. ಸ್ವಾತಂತ್ರ್ಯ ಬಂದು 75 ವರ್ಷ ಆದಮೇಲೆ ತಾವು ಕೂತಿರುವ ಜಾಗ ತಮ್ಮದು ಅಂತ ಕಾಗದ ಸಿಕ್ಕಿತು. ಉಡುಪು ಉಳಿಸಿಕೊಳ್ಳಲಿಲ್ಲ ಅಂತ ಅವರನ್ನು ದೂರುವವರು ಈ ಲೆಕ್ಕ ನೋಡಬೇಕು.

ಉಡುಪು ಪೂರ್ತಿ ಹೋಗಿಲ್ಲ, ಅದರ ಜಾಗ ಬದಲಾಗಿದೆ. ಮೈಲಾರದ ಜಾತ್ರೆಗೆ ಹೋದವರು ಗೊರವರನ್ನು ನೋಡಿರುತ್ತೀರಿ: ಕಪ್ಪು ಕಂಬಳಿಯ ನಿಲುವಂಗಿ, ಕೈಯಲ್ಲಿ ಡಮರುಗ. ಆ ಗೊರವಪ್ಪನೇ ಮರುವಾರ ಪೇಟೆಯಲ್ಲಿ ಷರಟು ಹಾಕಿಕೊಂಡು ಗೊಬ್ಬರ ಕೊಳ್ಳುತ್ತಿರುತ್ತಾನೆ, ನಮಗೆ ಗುರುತೇ ಸಿಗುವುದಿಲ್ಲ. ಪೇಟಿಯಾ ಕೂಡ ಈಗ ಹಾಗೆ ವ್ರತದ, ಹಬ್ಬದ ಬಟ್ಟೆಯಾಗುತ್ತಿದೆ. ಅದನ್ನು ನೋಡಬೇಕಾದರೆ ದೀಪಾವಳಿಗೆ ತಾಂಡಾಕ್ಕೆ ಹೋಗಬೇಕು. ಅಮಾವಾಸ್ಯೆಯ ರಾತ್ರಿ ಮದುವೆಯಾಗದ ಹುಡುಗಿಯರು ಕೈಯಲ್ಲಿ ಹಣತೆ ಹಿಡಿದು ಗುಂಪಾಗಿ ಮೊದಲು ನಾಯಕನ ಮನೆಗೆ, ಆಮೇಲೆ ಪ್ರತಿ ಮನೆಗೂ ಹೋಗಿ ಹಾಡಿ ಹರಸುತ್ತಾರೆ. ಅದಕ್ಕೆ 'ಮೇರಾ' ಅನ್ನುತ್ತಾರೆ. ಮರುದಿನ ಅಡವಿಗೆ ಹೋಗಿ ಹೂ ತರುತ್ತಾರೆ, ಕುಣಿಯುತ್ತಾರೆ. ಹೊಸಪೇಟೆ, ಬಳ್ಳಾರಿಯಲ್ಲಿ ಕಾಲೇಜು ಓದುವ ಹುಡುಗಿಯರು ಆ ಹಬ್ಬಕ್ಕೆ ಬಂದು ಅಜ್ಜಿಯ ಟ್ರಂಕು ತೆರೆಯುತ್ತಾರೆ. ಅಜ್ಜಿಯದ್ದು ಹಿಡಿಸದಿದ್ದರೆ ಪೇಟೆಯಲ್ಲಿ ರೆಡಿಮೇಡ್ ಸಿಗುತ್ತದೆ: ಕನ್ನಡಿಯ ಬದಲು ಹೊಳೆಯುವ ಪ್ಲಾಸ್ಟಿಕ್ ಬಿಲ್ಲೆ, ಕಸೂತಿಯ ಬದಲು ಮಷಿನ್ನಿನ ಲೇಸು. ಹಗುರ, ಅಗ್ಗ. ಶಾಲೆಯ ವಾರ್ಷಿಕೋತ್ಸವಕ್ಕೆ ಬಾಡಿಗೆಗೂ ಕೊಡುತ್ತಾರೆ. ನನಗೆ ಅದನ್ನು ಕಂಡರೆ ಆಗುವುದಿಲ್ಲ. ಆದರೆ ಹುಡುಗಿಯರಿಗೆ ಕುಣಿಯಲು ಅದೇ ಸಲೀಸು ಅನ್ನುವುದೂ ನಿಜ.

ಕಸೂತಿಯ ಕಥೆ ಇನ್ನೊಂದು ದಾರಿ ಹಿಡಿಯಿತು. ಪಕ್ಕದ ಸಂಡೂರಿನಲ್ಲಿ 1980ರ ದಶಕದಲ್ಲಿ ಅಲ್ಲಿನ ರಾಜಮನೆತನದ ಎಂ. ವೈ. ಘೋರ್ಪಡೆಯವರ ಆಸಕ್ತಿಯಿಂದ ಕುಶಲ ಕಲಾ ಕೇಂದ್ರ ಶುರುವಾಯಿತು. ಸುತ್ತಲಿನ ತಾಂಡಾಗಳ ಹೆಂಗಸರು ಅಲ್ಲಿಗೆ ಹೊಲಿಯುತ್ತಾರೆ. ಕೀಲನ್, ವೇಲೆ, ಮಾಕಿ, ರೇಲೊ, ನಕ್ರಾ ಅಂತ ಒಂದೊಂದು ಹೊಲಿಗೆಗೆ ಒಂದೊಂದು ಹೆಸರು. ಹೆಸರು ಬರೆದ ಪುಸ್ತಕ ಇರಲಿಲ್ಲ, ಎಲ್ಲ ಬೆರಳಿನಲ್ಲಿ ಬಂದದ್ದು. 2010ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ, ಅಂದರೆ ಜಿಐ ಟ್ಯಾಗ್ ಸಿಕ್ಕಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಹೊಲಿದ 1755 ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆಗೆ ಸೇರಿಸಿದರು. ಪೇಪರಿನಲ್ಲೆಲ್ಲ ಬಂತು.

ಲ್ಯಾಂಕಾಸ್ಟರಿನಲ್ಲೂ ಹೀಗೇ ಒಂದು ನಡೆದಿದೆ, ಕೌದಿಯ ವಿಷಯದಲ್ಲಿ. ಆಮಿಷ್ ಹೆಂಗಸರು ಹಳೆಯ ಕಾಲದಿಂದ ಕೌದಿ ಹೊಲಿಯುತ್ತಾರೆ. ಒಂದೇ ಬಣ್ಣದ ಬಟ್ಟೆಗಳ ತುಂಡು ಜೋಡಿಸಿ ಚೌಕ, ವಜ್ರ, ಪಟ್ಟೆ. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನವರು ಅಮೆರಿಕದ ಹಳೆಯ ಕೌದಿಗಳನ್ನು ಚಿತ್ರಪಟಗಳ ಹಾಗೆ ಗೋಡೆಗೆ ತೂಗುಹಾಕಿದ್ದೇ ತಡ, ಕೌದಿಗೆ ಎಲ್ಲಿಲ್ಲದ ಬೆಲೆ ಬಂತು. ವ್ಯಾಪಾರಿಗಳು ಆಮಿಷ್ ಮನೆಗಳಿಗೆ ಹೋಗಿ ಹಾಸಿಗೆಯ ಮೇಲಿನದ್ದನ್ನೂ ಕೊಂಡರು. ಆಮೇಲೆ ಪ್ರವಾಸಿಗಳಿಗಾಗಿಯೇ ಹೊಲಿಯುವುದು ಶುರುವಾಯಿತು. ತಾವು ತೊಡದ ಹೂವಿನ ಬಟ್ಟೆಯಲ್ಲೂ ಗಿರಾಕಿಗೆ ಹೊಲಿದುಕೊಟ್ಟರು. ಬೇಡಿಕೆ ಹೆಚ್ಚಾದಾಗ, ಲಾವೋಸಿನ ಯುದ್ಧದಿಂದ ತಪ್ಪಿಸಿಕೊಂಡು ಬಂದು ಅಲ್ಲೇ ನೆಲೆಸಿದ್ದ ಹ್ಮೋಂಗ್ ಹೆಂಗಸರು ಕೂತು ಹೊಲಿದ ಕೌದಿಗಳೂ 'ಆಮಿಷ್ ಕೌದಿ' ಅಂತ ಮಾರಾಟವಾದವು. ಹೊಲಿದ ಕೈಯೂ ಒಳ್ಳೆಯದೇ, ಹೊಟ್ಟೆಪಾಡೂ ನಿಜವೇ. ಹೆಸರು ಮಾತ್ರ ಬೇರೆಯವರದ್ದು.

ನಮ್ಮಲ್ಲಿ ಹಂಪಿಯ ಬೀದಿಗೆ, ಗೋವಾದ ಅಂಜುನಾ ಸಂತೆಗೆ ಹೋಗಿ ನೋಡಿ. ಲಂಬಾಣಿ ಹೆಂಗಸರು ಚೀಲ, ದಿಂಬಿನ ಚೀಲ, ಗೋಡೆಗೆ ಹಾಕುವ ಪಟ್ಟಿ ಹರಡಿಕೊಂಡು ಕೂತಿರುತ್ತಾರೆ. ಹತ್ತಿರ ಹೋಗಿ ನೋಡಿದರೆ ಕೆಲವು ಚೀಲಗಳ ಮೇಲಿನ ತುಂಡು ಹಳೆಯದು: ಯಾರದೋ ಕಾಂಚಳಿಯ ಎದೆ, ಯಾರದೋ ಪೇಟಿಯಾದ ಅಂಚು, ನೀರು ಹೊರುವ ಸಿಂಬಿಗೆ ಹೊಲಿದಿದ್ದ ಕವಡೆ. ಕತ್ತರಿಸಿ ಚೀಲಕ್ಕೆ ಹಚ್ಚಿದ್ದಾರೆ. ಕೊಳ್ಳುವವರು ಚೌಕಾಸಿ ಮಾಡುತ್ತಾರೆ. ಇದನ್ನು ಮಾರಬಾರದು ಅಂತ ಹೇಳಲು ನಾನು ಯಾರು? ಆದರೆ ಒಂದು ತುಂಡಿಗೆ ಎಷ್ಟು ಕೈಯ ಕೆಲಸ ಹಿಡಿದಿದೆ ಅಂತ ಗೊತ್ತಿದ್ದೂ ಐವತ್ತು ರೂಪಾಯಿಗೆ ಹಟ ಮಾಡುವವರನ್ನು ಕಂಡರೆ ಸಿಟ್ಟು ಬರುತ್ತದೆ. ಜಿಐ ಟ್ಯಾಗಿನ ಪ್ರಯೋಜನವೂ ಇಲ್ಲೇ ಇರುವುದು. ಮಷಿನ್ನಿನಲ್ಲಿ ಅಚ್ಚು ಹಾಕಿದ ಬಟ್ಟೆಗೆ ಸಂಡೂರಿನ ಹೆಸರು ಹಚ್ಚಿ ಮಾರುವುದು ಕಾನೂನಿನ ಪ್ರಕಾರ ತಪ್ಪು. ಅಂಗಡಿಯಲ್ಲಿ ಕೊಳ್ಳುವಾಗ ಬಟ್ಟೆಯ ಹಿಂಬದಿ ತಿರುಗಿಸಿ ನೋಡಿ. ಕೈ ಹೊಲಿಗೆಯಾದರೆ ಹಿಂಬದಿಯ ದಾರ ಒಂದೇ ಸಮ ಇರುವುದಿಲ್ಲ, ಗಂಟು ಕಾಣುತ್ತದೆ.

ಲ್ಯಾಂಕಾಸ್ಟರಿಗೆ ಹೋದವರಿಗೆ ಅಲ್ಲಿಯವರು ಮೊದಲು ಹೇಳುವ ಮಾತು, ಆಮಿಷರನ್ನು ನಿಲ್ಲಿಸಿ ಮುಖದ ಫೋಟೋ ತೆಗೆಯಬೇಡಿ ಅಂತ. ಅದು ಅವರಿಗೆ ಧರ್ಮದ ಪ್ರಶ್ನೆ. ನನ್ನ ಅಕ್ಕನ ಮಗನ ಫೋಟೋಗಳಲ್ಲೆಲ್ಲ ಬಂಡಿಯ ಹಿಂಭಾಗವೇ. ನಮ್ಮ ತಾಂಡಾಗಳಲ್ಲಿ ಅಂಥ ನಿಷೇಧವಿಲ್ಲ, ಆದ್ದರಿಂದ ಬಂದವರು ಕೇಳುವುದೂ ಇಲ್ಲ. ಮೇರಾ ಹಾಡುವ ಹುಡುಗಿಯರ ಮುಖಕ್ಕೇ ಫ್ಲ್ಯಾಶ್ ಹೊಡೆಯುತ್ತಾರೆ. ಹೋಗುವುದಾದರೆ ಮೊದಲು ನಾಯಕನನ್ನು ಕಾಣಿ, ಸೇವಾಲಾಲ್ ಮತ್ತು ಮರಿಯಮ್ಮನ ಗುಡಿಯ ಹತ್ತಿರ ಕೂತು ಎರಡು ಮಾತಾಡಿ. ಚಹಾ ಕೊಡದೆ ಕಳಿಸುವುದಿಲ್ಲ. ಫೋಟೋ ತೆಗೆಯಲೇ ಎಂದು ಕೇಳಿ. ಬೇಡ ಅಂದರೆ ಬೇಡ.

ಇನ್ನು ಗಂಡಸರ ವಿಷಯ. ಆಮಿಷರಲ್ಲಿ ಕಟ್ಟಳೆ ಇಬ್ಬರಿಗೂ ಒಂದೇ. ಹೆಂಡತಿಗೆ ಕುಲಾವಿಯಾದರೆ ಗಂಡನಿಗೆ ಅಗಲ ಅಂಚಿನ ಹುಲ್ಲಿನ ಟೊಪ್ಪಿ, ಭುಜದ ಪಟ್ಟಿ, ಗಡ್ಡ. ಅವಳನ್ನು ಗುರುತಿಸುವಷ್ಟೇ ಸುಲಭವಾಗಿ ಅವನನ್ನೂ ಗುರುತಿಸಬಹುದು. ತಾಂಡಾದಲ್ಲಿ ಹಾಗಾಗಲಿಲ್ಲ. ಲಂಬಾಣಿ ಗಂಡಸಿಗೂ ಒಂದು ಉಡುಪಿತ್ತು: ದೊಡ್ಡ ಕೆಂಪು ಪಾಗಡಿ, ಅಂಗಿ, ಧೋತರ. ಅದು ಯಾವಾಗ ಹೋಯಿತು ಅಂತ ಯಾರಿಗೂ ನೆನಪಿಲ್ಲ, ಯಾಕೆಂದರೆ ಯಾರೂ ಅದಕ್ಕಾಗಿ ಅಳಲಿಲ್ಲ. ಹಗರಿಬೊಮ್ಮನಹಳ್ಳಿಯಿಂದ, ಹಡಗಲಿಯಿಂದ ಈ ಸಮುದಾಯದವರು ಶಾಸಕರಾದರು, ಸಚಿವರೂ ಆದರು. ನಿಮ್ಮ ಪಾಗಡಿ ಎಲ್ಲಿ ಸ್ವಾಮಿ ಅಂತ ಒಬ್ಬ ವರದಿಗಾರನೂ ಕೇಳಲಿಲ್ಲ. ಸಂಸ್ಕೃತಿಯ ಭಾರವನ್ನೆಲ್ಲ ಹೆಂಗಸಿನ ತೋಳಿಗೆ ಬಳೆ ಮಾಡಿ ಹಾಕಿ ತಾವು ಹಗುರಾಗಿಬಿಟ್ಟರು. ಈ ಮಾತು ಲಂಬಾಣಿ ಗಂಡಸರಿಗಷ್ಟೇ ಅಲ್ಲ. ಕಚೇರಿಗೆ ಪ್ಯಾಂಟು ಹಾಕಿಕೊಂಡು ಹೋಗಿ ಮನೆಯಲ್ಲಿ ಸೊಸೆ ಸೀರೆಯನ್ನೇ ಉಡಬೇಕು ಅನ್ನುವ ನಮ್ಮ ಮನೆಗಳ ಯಜಮಾನರಿಗೂ ಸಲ್ಲುತ್ತದೆ.

ಫೆಬ್ರವರಿ 15ರಂದು ಸಂತ ಸೇವಾಲಾಲರ ಜಯಂತಿ. ದಾವಣಗೆರೆ ಜಿಲ್ಲೆಯ ಸೂರಗೊಂಡನಕೊಪ್ಪದಲ್ಲಿ ದೊಡ್ಡ ಜಾತ್ರೆ, ತಾಲ್ಲೂಕುಗಳಲ್ಲಿ ಮೆರವಣಿಗೆ. ಯಾಡಿಯ ತಾಂಡಾದಲ್ಲಿ ಒಂದು ವರ್ಷ ಮೆರವಣಿಗೆಯ ತಯಾರಿಗೆ ಸಭೆ ಸೇರಿತ್ತು, ನಾನೂ ಒಂದು ಮೂಲೆಯಲ್ಲಿ ಕೂತಿದ್ದೆ. ನಾಯಕ, ಕಾರಭಾರಿ, ಪೇಟೆಯಲ್ಲಿ ಕೆಲಸದಲ್ಲಿರುವ ನಾಲ್ಕು ಜನ ಹುಡುಗರು ಸೇರಿ, ಈ ಸಲ ಹೆಂಗಸರೆಲ್ಲರೂ ಕಡ್ಡಾಯವಾಗಿ ಪೇಟಿಯಾ ಕಾಂಚಳಿ ತೊಟ್ಟೇ ಬರಬೇಕು, ಸೀರೆ ಚೂಡಿದಾರ ನಡೆಯುವುದಿಲ್ಲ ಅಂತ ಠರಾವು ಮಾಡಿದರು. ಹೆಂಗಸರ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂಗನವಾಡಿಯಲ್ಲಿ ಕೆಲಸ ಮಾಡುವ ಒಬ್ಬ ಸೊಸೆ ತಮ್ಮ ಮಾತಿನಲ್ಲಿ ಏನೋ ಅಂದಳು, ಇಡೀ ಸಭೆ ನಕ್ಕಿತು. ಏನಂದಳು ಅಂತ ಯಾಡಿಯನ್ನು ಕೇಳಿದೆ.

"ಗಂಡಸ್ರೆಲ್ಲ ಧೋತ್ರ ಉಟ್ಟು ಪಾಗಡಿ ಸುತ್ತಿ ಬಂದ್ರ ನಾವೂ ಬರ್ತೀವಿ ಅಂತ ಅಂದ್ಲು ಅಕ್ಕೋರೇ. ಇವರಿಗೆ ಪಾಗಡಿ ಸುತ್ತಾಕ ಎಲ್ಲಿ ಬರ್ತದ?"

ಠರಾವು ಅಲ್ಲಿಗೇ ನಿಂತಿತು. ಮೆರವಣಿಗೆಯ ಹಿಂದಿನ ದಿನ ಆ ಹುಡುಗರು ತಾಂಡಾದ ಹಿರಿಯರೊಬ್ಬರನ್ನು ಗುಡಿಯ ಕಟ್ಟೆಯ ಮೇಲೆ ಕೂರಿಸಿಕೊಂಡು, ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳುತ್ತಾ ಪಾಗಡಿ ಸುತ್ತುವುದನ್ನು ಕಲಿಯುತ್ತಿದ್ದರು. ಒಬ್ಬನದಂತೂ ಎಷ್ಟು ಸಲ ಸುತ್ತಿದರೂ ಬಿಚ್ಚಿ ಬೀಳುತ್ತಿತ್ತು. ಕೊನೆಗೆ ಅವನು ಅಂಗನವಾಡಿಯ ಅದೇ ಹೆಂಗಸಿನ ಹತ್ತಿರ ಹೋಗಿ ಎರಡು ಪಿನ್ನು ಕೇಳಿದ.